ಕೆರೆಯ ದಡದಿಂದ ಕಡಲ ತೀರದವರೆಗೆ: ಶಾಲಾ ವಿದ್ಯಾರ್ಥಿಗಳಿಂದ ಜಲತೀರ ಪರಿಸರದ ಅಧ್ಯಯನ ಮತ್ತು ಸಂರಕ್ಷಣೆ
(ಅತ್ತಿಬೆಲೆ ಹೋಬಳಿಯ ಶಾಲೆಗಳು, ಪೋಷಕರು ಹಾಗೂ ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಬೆಂಗಳೂರು ನಗರ ಜಿಲ್ಲೆಯ ಆನೇಕಲ್ ತಾಲ್ಲೂಕಿಗೆ ಸೇರಿದ ಅತ್ತಿಬೆಲೆಯು ತಮಿಳುನಾಡಿನ ಗಡಿಗೆ ಹೊಂದಿಕೊಂಡು, ರಾಷ್ಟ್ರೀಯ ಹೆದ್ದಾರಿ 44ರ ಮೇಲಿರುವ ಹೋಬಳಿ ಕೇಂದ್ರವಾಗಿರುತ್ತದೆ. ಇಲ್ಲಿಂದ ಸಮುದ್ರವು ಬಹುದೂರದಲ್ಲಿದ್ದು, ಕಡಲನ್ನು ಕಣ್ಣಾರೆ ಕಂಡಿರುವ ಮಕ್ಕಳು ಇಲ್ಲಿನ ಶಾಲೆಗಳಲ್ಲಿ ಕಡಿಮೆಯೆಂದೇ ಹೇಳಬೇಕು. ಆದಾಗ್ಯೂ ತೀರ ಪರಿಸರವೆಂಬುದು ಈ ಮಕ್ಕಳಿಗೆ ಕೇವಲ ಪಠ್ಯಪುಸ್ತಕದ ವಿಷಯವಲ್ಲ. ತಾಲ್ಲೂಕಿನ ಬಹುತೇಕ ಗ್ರಾಮಗಳಿಗೆ ತಮ್ಮದೇ ಆದ ಕೆರೆಯಿದ್ದು, ಆ ಕೆರೆಯ ದಡವೇ ಅವರ ಪಾಲಿನ ತೀರವಾಗಿರುತ್ತದೆ. ಕರಾವಳಿಯ ಶಾಲೆಗಳು ಕಡಲತೀರದಲ್ಲಿ ಕಲಿಯುವುದನ್ನು ಅತ್ತಿಬೆಲೆಯ ಶಾಲೆಗಳು ಕೆರೆಯ ಏರಿಯ ಮೇಲೆ ಕಲಿಯಬಹುದು.

ಶಾಲೆಯು ಕೆರೆ ದಡದ ಅಧ್ಯಯನವನ್ನು ಕೈಗೊಳ್ಳುವ ಕ್ರಮ, ಕಂಡದ್ದನ್ನು ದಾಖಲಿಸುವ ವಿಧಾನ, ಅದಕ್ಕೆ ದೊರೆಯುವ ಅನುದಾನ, ಅನುಮತಿ, ಮಾಹಿತಿ ಹಾಗೂ ದೂರು ಸಲ್ಲಿಸುವ ಕಚೇರಿಗಳ ವಿವರವನ್ನು ಈ ಪುಟದಲ್ಲಿ ನೀಡಲಾಗಿದೆ.

ಅತ್ತಿಬೆಲೆಯ ನೀರು ಹರಿಯುವ ದಾರಿ

ಆನೇಕಲ್ ತಾಲ್ಲೂಕು ಎರಡು ನದಿಗಳ ಜಲಾನಯನಕ್ಕೆ ಹಂಚಿಹೋಗಿರುತ್ತದೆ. ಪಶ್ಚಿಮ ಭಾಗದ ನೀರು ಅರ್ಕಾವತಿಯ ಮೂಲಕ ಕಾವೇರಿಗೆ ಸೇರಿದರೆ, ಅತ್ತಿಬೆಲೆಯನ್ನೊಳಗೊಂಡ ಪೂರ್ವ ಭಾಗದ ನೀರು ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಬೊಮ್ಮಸಂದ್ರ, ಹೆಬ್ಬಗೋಡಿ, ಚಂದಾಪುರ, ಮುತ್ತಾನಲ್ಲೂರು, ಬಿದರಗುಪ್ಪೆ ಮೊದಲಾದ ಕೆರೆಗಳು ಇದೇ ಭಾಗದಲ್ಲಿದ್ದು, ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆಯ ಮೂಲಕ ಕೆಳಗಿನ ಕೆರೆಗೆ ಇಳಿಯುವಂತೆ ಹಿಂದಿನವರು ವ್ಯವಸ್ಥೆ ಮಾಡಿರುತ್ತಾರೆ.

ದಕ್ಷಿಣ ಪಿನಾಕಿನಿಯು ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ, ಹೊಸಕೋಟೆಯ ಮೂಲಕ ಹರಿದು, ಬೆಳ್ಳಂದೂರು ಮತ್ತು ವರ್ತೂರು ಕೆರೆಗಳಿಂದ ಬರುವ ನೀರನ್ನೂ ಕೂಡಿಸಿಕೊಂಡು ತಮಿಳುನಾಡನ್ನು ಪ್ರವೇಶಿಸುತ್ತದೆ. ಹೊಸೂರು ಸಮೀಪದ ಕೆಲವರಪಳ್ಳಿ ಜಲಾಶಯ, ನಂತರ ಕೃಷ್ಣಗಿರಿ ಮತ್ತು ಸಾತನೂರು ಅಣೆಕಟ್ಟೆಗಳನ್ನು ದಾಟಿ, ಒಟ್ಟು ಸುಮಾರು 400 ಕಿ.ಮೀ. ಕ್ರಮಿಸಿ, ಕಡಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ತಮಿಳುನಾಡಿನಲ್ಲಿ ಇದಕ್ಕೆ ತೆನ್‌ಪೆಣ್ಣೈ ಎಂದು ಹೆಸರು.

ಅತ್ತಿಬೆಲೆಯ ಸಂತೆಯ ದಿನ ಚರಂಡಿಗೆ ಬಿದ್ದ ಪ್ಲಾಸ್ಟಿಕ್ ಚೀಲವು ದಾರಿಯಲ್ಲಿ ಎಲ್ಲಿಯೂ ಸಿಕ್ಕಿಕೊಳ್ಳದಿದ್ದರೆ ಕಡಲನ್ನೇ ತಲುಪುತ್ತದೆ. ವಾಸ್ತವದಲ್ಲಿ ಅಂತಹ ಕಸದ ಹೆಚ್ಚಿನ ಪಾಲು ಕೆರೆಗಳ ಜೊಂಡಿನಲ್ಲಿಯೂ ಜಲಾಶಯಗಳಲ್ಲಿಯೂ ನಿಲ್ಲುತ್ತದೆ. ಕೆರೆಯು ಕಡಲಿಗೆ ಜರಡಿಯಂತೆ ಕೆಲಸ ಮಾಡುತ್ತಿದ್ದು, ಆ ಕೆಲಸದ ಭಾರವನ್ನು ಹೊರುವುದು ಕೆರೆಯೇ. ಕೆಲವರಪಳ್ಳಿ ಜಲಾಶಯದಿಂದ ಹೊರಬರುವ ನೀರಿನಲ್ಲಿ ನೊರೆ ಕಾಣಿಸಿಕೊಂಡ ಸಂದರ್ಭಗಳು ಹಲವು ಬಾರಿ ವರದಿಯಾಗಿದ್ದು, ಗಡಿಯ ಆಚೆಯ ಆ ನೊರೆಗೂ ಈಚೆಯ ಬಚ್ಚಲಿಗೂ ಇರುವ ಸಂಬಂಧವನ್ನು ಭೂಪಟದ ಮೇಲೆ ಒಂದೇ ಗೆರೆಯಲ್ಲಿ ಎಳೆದು ಮಕ್ಕಳಿಗೆ ತೋರಿಸಬಹುದಾಗಿದೆ. ಪರಿಸರ ಅಧ್ಯಯನದ ಮೊದಲ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ಸಿಗಲಾರದು.

ಕೆರೆಯ ಭಾಗಗಳು

ದಡಕ್ಕೆ ಹೋಗುವ ಮುನ್ನ ವಿದ್ಯಾರ್ಥಿಗಳು ಕೆರೆಯ ಭಾಗಗಳ ಹೆಸರನ್ನು ತಿಳಿದಿರಬೇಕು. ನೀರನ್ನು ತಡೆದು ನಿಲ್ಲಿಸಿರುವ ಮಣ್ಣಿನ ಕಟ್ಟೆಯೇ ಏರಿ. ಏರಿಯ ಬುಡದಲ್ಲಿ, ಗದ್ದೆಗೆ ನೀರು ಬಿಡುವ ದ್ವಾರವು ತೂಬು. ಹೆಚ್ಚಾದ ನೀರು ತಾನಾಗಿ ಹೊರಹೋಗುವ ಸ್ಥಳ ಕೋಡಿ. ಮಳೆಯ ನೀರನ್ನು ಕೆರೆಗೆ ತರುವ ಹಾಗೂ ಕೆರೆಯಿಂದ ಕೆರೆಗೆ ಒಯ್ಯುವ ದೊಡ್ಡ ಕಾಲುವೆ ರಾಜಕಾಲುವೆ. ಏರಿಯ ಕೆಳಗಿನ ನೀರಾವರಿ ಜಮೀನು ಅಚ್ಚುಕಟ್ಟು. ತೂಬನ್ನು ತೆರೆದು ಮುಚ್ಚಿ, ಸರದಿಯಂತೆ ನೀರು ಹಂಚುತ್ತಿದ್ದವನು ನೀರುಗಂಟಿ. ಊರಿನ ಹಿರಿಯರಲ್ಲಿ ನೀರುಗಂಟಿಯ ಕೆಲಸವನ್ನು ಕಂಡವರು ಇನ್ನೂ ಇರುತ್ತಾರೆ. ಅಂತಹವರನ್ನು ಶಾಲೆಗೆ ಆಹ್ವಾನಿಸಿ, ಅವರ ಮಾತನ್ನು ಮಕ್ಕಳಿಂದ ಬರೆಯಿಸಿಕೊಳ್ಳುವುದು ಅತ್ಯಂತ ಉಪಯುಕ್ತ. ಕೆರೆ ಯಾವ ತಿಂಗಳಿನಲ್ಲಿ ಕೋಡಿ ಬೀಳುತ್ತಿತ್ತು, ಯಾವ ಮೀನು ಸಿಗುತ್ತಿತ್ತು, ಹೂಳನ್ನು ಯಾರು ತೆಗೆದು ಯಾವ ಹೊಲಕ್ಕೆ ಹೊಡೆಯುತ್ತಿದ್ದರು ಎಂಬ ವಿವರಗಳು ಯಾವ ಕಡತದಲ್ಲಿಯೂ ದೊರೆಯುವುದಿಲ್ಲ.

ಕೈಗಾರಿಕಾ ಪ್ರದೇಶಗಳು ಮತ್ತು ವಸತಿ ಬಡಾವಣೆಗಳು ಬೆಳೆದ ಮೇಲೆ ಹಲವೆಡೆ ಅಚ್ಚುಕಟ್ಟಿನ ಗದ್ದೆಗಳು ಉಳಿದಿರುವುದಿಲ್ಲ. ಗದ್ದೆಯಿಲ್ಲದಿದ್ದರೆ ತೂಬು ತೆರೆಯುವ ಅಗತ್ಯವಿಲ್ಲ. ತೂಬು ತೆರೆಯದಿದ್ದರೆ ಕೆರೆಯ ನೀರು ಬದಲಾಗುವುದಿಲ್ಲ. ಮಳೆ ನೀರಿಗಾಗಿ ತೋಡಿದ ಕಾಲುವೆಯಲ್ಲಿ ವರ್ಷವಿಡೀ ಬಳಸಿದ ನೀರು ಹರಿದುಬಂದು ಒಂದೇ ಕಡೆ ಸಂಗ್ರಹವಾಗುತ್ತಾ ಹೋಗುತ್ತದೆ. ಇನ್ನೊಂದೆಡೆ ಅಂತರ್ಜಲದ ಮೌಲ್ಯಮಾಪನದಲ್ಲಿ ಆನೇಕಲ್ ತಾಲ್ಲೂಕನ್ನು ಅತಿಬಳಕೆಯ ವರ್ಗದಲ್ಲಿ ಗುರುತಿಸಲಾಗಿದ್ದು, ಇಲ್ಲಿ ಕೊಳವೆಬಾವಿಗಳಿಗೆ ನೀರು ಇಂಗಿಸಬೇಕಾದದ್ದೂ ಇದೇ ಕೆರೆಗಳೇ. ಶಾಲೆಯ ನಲ್ಲಿಯ ನೀರು ಸಹ ಬಹುಪಾಲು ಇಂತಹ ಕೊಳವೆಬಾವಿಯದೇ ಆಗಿರುವುದರಿಂದ, ಕೆರೆಯ ಸ್ಥಿತಿಯು ವಿದ್ಯಾರ್ಥಿಗಳಿಗೆ ದೂರದ ಸಂಗತಿಯಲ್ಲ.

ದಡದ ವೀಕ್ಷಣೆ ಮತ್ತು ದಾಖಲೆ ಪುಸ್ತಕ

ವೀಕ್ಷಣೆಯನ್ನು ತಿಂಗಳಿಗೊಮ್ಮೆ, ಒಂದೇ ಸ್ಥಳಗಳಲ್ಲಿ, ಸಾಧ್ಯವಾದಷ್ಟು ಒಂದೇ ವೇಳೆಯಲ್ಲಿ ನಡೆಸತಕ್ಕದ್ದು. ವರ್ಷಕ್ಕೊಮ್ಮೆ ಜೂನ್ 5ರಂದು ಬ್ಯಾನರ್ ಹಿಡಿದು ದಡಕ್ಕೆ ಹೋಗಿಬರುವುದರಿಂದ ಕೆರೆಯ ಬಗ್ಗೆ ತಿಳಿಯುವುದು ಅತ್ಯಲ್ಪ. ನಾಲ್ಕು ಸ್ಥಳಗಳನ್ನು ಗೊತ್ತುಮಾಡಿಕೊಂಡರೆ ಸಾಕಾಗುತ್ತದೆ: ನೀರು ಒಳಬರುವ ಕಾಲುವೆಯ ಮೇಲಿನ ಮೋರಿ ಅಥವಾ ಸೇತುವೆ, ಏರಿಯ ಮಧ್ಯಭಾಗ, ತೂಬಿನ ಸಮೀಪ ಹಾಗೂ ಕೋಡಿ.

ದಾಖಲೆ ಪುಸ್ತಕದಲ್ಲಿ ‘ಕೆರೆ ತುಂಬಾ ಗಲೀಜಾಗಿದೆ’ ಎಂದು ಬರೆದರೆ ಅದರಿಂದ ಯಾವ ಅಧಿಕಾರಿಗೂ ಪ್ರಯೋಜನವಿಲ್ಲ. ಅದರ ಬದಲು, ‘ಬೆಳಿಗ್ಗೆ 8 ಗಂಟೆ 10 ನಿಮಿಷ, ಶಾಲೆಯ ಕಡೆಯ ಕಾಲುವೆ, ಮೋರಿಯಿಂದ ಕೆಳಕ್ಕೆ ಇಪ್ಪತ್ತು ಹೆಜ್ಜೆ, ನೀರಿನ ಬಣ್ಣ ಬೂದು, ಸೋಪಿನ ವಾಸನೆ, ನೊರೆ ಮೊಣಕಾಲೆತ್ತರ, ಮೂರು ದಿನಗಳಿಂದ ಮಳೆಯಿಲ್ಲ’ ಎಂದು ಬರೆದರೆ ಅದು ಪರಿಶೀಲನೆಗೆ ಅರ್ಹವಾದ ಮಾಹಿತಿಯಾಗುತ್ತದೆ. ಆರನೇ ತರಗತಿಯ ಮಗು ಸಹ ಇದನ್ನು ಬರೆಯಬಲ್ಲದು.

ಮೇಲಿನ ಮಾದರಿಯ ಕೊನೆಯ ಸಾಲಿಗೆ ವಿಶೇಷ ಮಹತ್ವವಿರುತ್ತದೆ. ರಾಜಕಾಲುವೆಯು ಮಳೆಯ ನೀರಿಗಾಗಿ ಇರುವಂತಹದು. ಮಳೆ ನಿಂತು ಹಲವು ದಿನಗಳಾದ ಮೇಲೆಯೂ ಕಾಲುವೆಯಲ್ಲಿ ನೀರು ಹರಿಯುತ್ತಿದ್ದರೆ, ಆ ನೀರು ಮನೆ, ಹೋಟೆಲು, ವಾಹನ ತೊಳೆಯುವ ಸ್ಥಳ ಅಥವಾ ಕಾರ್ಖಾನೆಯಿಂದ ಬರುತ್ತಿರುವ ಸಂಭವವೇ ಹೆಚ್ಚು. ಯಾವ ಉಪಕರಣವೂ ಇಲ್ಲದೆ, ಹಿಂದಿನ ದಿನಗಳಲ್ಲಿ ಮಳೆ ಬಂದಿತ್ತೇ ಎಂಬ ಒಂದೇ ಪ್ರಶ್ನೆಯಿಂದ ಈ ಸಂಗತಿ ತಿಳಿಯುತ್ತದೆ. ಆದುದರಿಂದ ಶಾಲೆಯ ಆವರಣದಲ್ಲಿ ಒಂದು ಮಳೆಮಾಪಕವನ್ನಿರಿಸಿ, ಪ್ರತಿದಿನ ಬೆಳಿಗ್ಗೆ 8.30ಕ್ಕೆ ಅಳತೆಯನ್ನು ಬರೆದಿಡುವುದು ಅವಶ್ಯಕ.

ವೀಕ್ಷಣೆಗೆ ಬೆಳಗಿನ ವೇಳೆಯನ್ನು ಆರಿಸಿಕೊಳ್ಳಲು ಕಾರಣವಿದೆ. ನೀರಿನಲ್ಲಿ ಕರಗಿದ ಆಮ್ಲಜನಕದ ಪ್ರಮಾಣವು ಹಗಲಿನಲ್ಲಿ ಪಾಚಿಯ ದ್ಯುತಿಸಂಶ್ಲೇಷಣೆಯಿಂದ ಏರಿ, ರಾತ್ರಿಯೆಲ್ಲಾ ಬಳಕೆಯಾಗಿ, ಮುಂಜಾನೆಯ ಹೊತ್ತಿಗೆ ಅತ್ಯಂತ ಕಡಿಮೆಯಾಗಿರುತ್ತದೆ. ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿರುವುದು ಮುಂಜಾನೆ ಕಾಣುತ್ತದೆ. ಮಧ್ಯಾಹ್ನ ಹೋದವರಿಗೆ ಕೆರೆ ಚೆನ್ನಾಗಿಯೇ ಇದೆ ಎನಿಸಬಹುದು. ಬೇಸಿಗೆಯ ಕೊನೆಯಲ್ಲಿ ಮೊದಲ ಜೋರು ಮಳೆ ಬಂದಾಗ ಕಾಲುವೆಯಲ್ಲಿ ನಿಂತಿದ್ದ ಕೊಳಚೆಯೆಲ್ಲಾ ಒಮ್ಮೆಲೇ ಕೆರೆಗೆ ನುಗ್ಗಿ, ಆಮ್ಲಜನಕವು ಕುಸಿದು ಮೀನುಗಳು ಸಾಯುವುದುಂಟು. 2016ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮೀನುಗಳು ಸಾಮೂಹಿಕವಾಗಿ ಸತ್ತು ದಡಕ್ಕೆ ಬಂದ ಘಟನೆಯು ಅನೇಕರಿಗೆ ನೆನಪಿರಬಹುದು.

ಬಣ್ಣ, ವಾಸನೆ ಮತ್ತು ಜೀವಿಗಳಿಂದಲೂ ಬಹಳಷ್ಟು ತಿಳಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆಯು ತಳದಲ್ಲಿ ಆಮ್ಲಜನಕವಿಲ್ಲದೆ ಕೊಳೆಯುತ್ತಿರುವುದರ ಸೂಚನೆ. ಕೋಡಿಯಲ್ಲಿ ನೀರು ಧುಮುಕುವಾಗ ಏಳುವ ಗಟ್ಟಿ ನೊರೆಯು ಸಾಮಾನ್ಯವಾಗಿ ಮಾರ್ಜಕಗಳಿಂದ ಉಂಟಾಗುತ್ತದೆ. 2015ರಲ್ಲಿ ಬೆಳ್ಳಂದೂರು ಮತ್ತು ವರ್ತೂರು ಕೆರೆಗಳ ನೊರೆ ರಸ್ತೆಗೆ ಹಾರಿದ್ದು ಇದೇ ರೀತಿಯಲ್ಲಿ. ಕೆಸರಿನಲ್ಲಿ ಕೆಂಪು ಹುಳುಗಳು ಮಾತ್ರ ಕಂಡುಬಂದರೆ ಆಮ್ಲಜನಕ ಕಡಿಮೆಯೆಂದೂ, ಮಕ್ಕಳು ಏರೋಪ್ಲೇನ್ ಚಿಟ್ಟೆ ಎಂದು ಕರೆಯುವ ಕೀಟದ ಮರಿಗಳು ಸಾಕಷ್ಟಿದ್ದರೆ ಸ್ಥಿತಿ ಉತ್ತಮವೆಂದೂ ಸ್ಥೂಲವಾಗಿ ತಿಳಿಯಬಹುದು. ಬೆಳ್ಳಕ್ಕಿ, ನೀರುಕಾಗೆ, ಗುಳುಮುಳುಕ, ನಾಮಕೋಳಿ, ಮಿಂಚುಳ್ಳಿಗಳ ಎಣಿಕೆಯನ್ನು ನವೆಂಬರ್‌ನಿಂದ ಫೆಬ್ರವರಿಯವರೆಗೆ ತಪ್ಪದೆ ಮಾಡುವುದು ಒಳ್ಳೆಯದು. ಬೆಳ್ಳಕ್ಕಿಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ನೀರು ಶುದ್ಧವೆಂದು ತೀರ್ಮಾನಿಸಬಾರದು. ಅವು ಕೊಳಚೆಯ ದಡದಲ್ಲಿಯೂ ಹುಳು ಹೆಕ್ಕುತ್ತವೆ. ನೀರಿನಲ್ಲಿ ಮುಳುಗಿ ಮೀನು ಹಿಡಿಯುವ ಹಕ್ಕಿಗಳಿವೆಯೇ ಎಂಬುದನ್ನು ಗಮನಿಸತಕ್ಕದ್ದು.

ಪಿ.ಎಚ್. ಪಟ್ಟಿಯಿಂದ ಪರೀಕ್ಷೆ ನಡೆಸುವ ಶಾಲೆಗಳು ಒಂದು ಎಚ್ಚರಿಕೆಯನ್ನು ಪಾಲಿಸಬೇಕು. ಸಾಮಾನ್ಯವಾಗಿ 6.5ರಿಂದ 8.5ರವರೆಗಿನ ಮೌಲ್ಯವನ್ನು ಸಮಂಜಸವೆಂದು ಪರಿಗಣಿಸಲಾಗುತ್ತದೆ. ಹಸಿರು ಪಾಚಿ ತುಂಬಿದ ಕೆರೆಯಲ್ಲಿ ಮಧ್ಯಾಹ್ನದ ವೇಳೆ ಪಾಚಿಯು ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುವುದರಿಂದ ಮೌಲ್ಯವು ತಾನಾಗಿಯೇ 9ರವರೆಗೆ ಏರಬಹುದು. ಇದನ್ನೇ ಕಾರ್ಖಾನೆಯ ತ್ಯಾಜ್ಯಕ್ಕೆ ಪುರಾವೆಯೆಂದು ಬರೆದು ಕಳುಹಿಸಿದರೆ, ಮುಂದೆ ಸರಿಯಾದ ದೂರಿಗೂ ಬೆಲೆ ಸಿಗದಂತಾಗುತ್ತದೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಮೇಲ್ಮೈ ನೀರನ್ನು ಬಳಕೆಗೆ ಅನುಗುಣವಾಗಿ ‘ಎ’ಯಿಂದ ‘ಇ’ವರೆಗೆ ಐದು ವರ್ಗಗಳಾಗಿ ವಿಂಗಡಿಸಿದೆ. ಸೋಂಕು ನಿವಾರಣೆಯಿಂದಷ್ಟೇ ಕುಡಿಯಲು ಯೋಗ್ಯವಾಗುವ ‘ಎ’ ವರ್ಗದಲ್ಲಿ ಕರಗಿದ ಆಮ್ಲಜನಕವು ಲೀಟರಿಗೆ ಕನಿಷ್ಠ 6 ಮಿ.ಗ್ರಾಂ., ಸ್ನಾನಕ್ಕೆ ಯೋಗ್ಯವಾದ ‘ಬಿ’ ವರ್ಗದಲ್ಲಿ 5 ಮಿ.ಗ್ರಾಂ., ಮೀನುಗಾರಿಕೆ ಹಾಗೂ ವನ್ಯಜೀವಿಗಳಿಗೆ ಯೋಗ್ಯವಾದ ‘ಡಿ’ ವರ್ಗದಲ್ಲಿ 4 ಮಿ.ಗ್ರಾಂ. ಇರತಕ್ಕದ್ದು. ‘ಇ’ ವರ್ಗದ ನೀರು ನೀರಾವರಿಯಂತಹ ಬಳಕೆಗೆ. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ತಾನು ಪರೀಕ್ಷಿಸುವ ಕೆರೆಗಳ ವರ್ಗವನ್ನು ಪ್ರಕಟಿಸುತ್ತಿದ್ದು, ವಿದ್ಯಾರ್ಥಿಗಳು ತಮ್ಮ ದಾಖಲೆಯನ್ನು ಅದರೊಡನೆ ಹೋಲಿಸಿ ನೋಡಬಹುದು.

ಸ್ವಚ್ಛತಾ ಕಾರ್ಯ

ದಡದ ಕಸವನ್ನು ಆರಿಸುವುದು ಶಾಲೆಗಳಲ್ಲಿ ಹೆಚ್ಚು ಪ್ರಚಲಿತವಿರುವ ಕಾರ್ಯಕ್ರಮ. ಪ್ರತಿ ವರ್ಷ ಸೆಪ್ಟೆಂಬರ್ ತಿಂಗಳ ಮೂರನೇ ಶನಿವಾರ ಆಚರಿಸಲಾಗುವ, 1986ರಲ್ಲಿ ಅಮೆರಿಕದ ಟೆಕ್ಸಾಸ್ ತೀರದಲ್ಲಿ ಆರಂಭಗೊಂಡ ಅಂತರರಾಷ್ಟ್ರೀಯ ಕರಾವಳಿ ಸ್ವಚ್ಛತಾ ದಿನದಂದು ಕೆರೆ ಮತ್ತು ನದಿ ದಡಗಳಲ್ಲಿಯೂ ಕಸ ಸಂಗ್ರಹಿಸಲಾಗುತ್ತದೆ. ಈ ಕಾರ್ಯಕ್ರಮದ ವೈಶಿಷ್ಟ್ಯವೆಂದರೆ ಕಸವನ್ನು ಎತ್ತುವುದರೊಡನೆ ಎಣಿಸಿ ಬರೆಯುವುದು. ಎಣಿಸದೆ ಎತ್ತಿದ ಕಸದಿಂದ ದಡವು ಒಂದು ವಾರ ಚೆನ್ನಾಗಿ ಕಾಣುತ್ತದೆಯೇ ಹೊರತು, ಅದು ಎಲ್ಲಿಂದ ಬಂತೆಂಬುದು ತಿಳಿಯುವುದಿಲ್ಲ. ಗುಟ್ಕಾ ಪೊಟ್ಟಣ, ಹಾಲಿನ ಕವರು, ಮದ್ಯದ ಬಾಟಲಿ, ಥರ್ಮೊಕೋಲ್ ತಟ್ಟೆ, ಕಾರ್ಖಾನೆಯ ಪ್ಯಾಕಿಂಗ್ ಪಟ್ಟಿ ಎಂದು ವಿಂಗಡಿಸಿ ಎಣಿಸಿದರೆ, ಅಂಗಡಿ ಸಾಲು, ಮದುವೆ ಮಂಟಪ, ಗೋದಾಮು ಇವುಗಳಲ್ಲಿ ಯಾವುದರ ಕಡೆ ಗಮನ ಹರಿಸಬೇಕೆಂಬುದು ಪುರಸಭೆಗೆ ಸ್ಪಷ್ಟವಾಗುತ್ತದೆ. ರಾಜ್ಯದಲ್ಲಿ 2016ರಿಂದ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳ ಮೇಲೆ ನಿಷೇಧವಿದ್ದು, 2022ರ ಜುಲೈ 1ರಿಂದ ದೇಶಾದ್ಯಂತ ಗುರುತಿಸಲಾದ ಏಕಬಳಕೆಯ ವಸ್ತುಗಳನ್ನು ನಿಷೇಧಿಸಲಾಗಿರುತ್ತದೆ. ನಿಷೇಧಿತ ವಸ್ತು ಇನ್ನೂ ದಡದಲ್ಲಿ ಸಿಗುತ್ತಿದೆಯೆಂಬ ಎಣಿಕೆಯೂ ಉಪಯುಕ್ತ ಮಾಹಿತಿಯೇ.

ಗೌರಿ-ಗಣೇಶ ಹಬ್ಬದ ನಂತರದ ವಾರವು ಇನ್ನೊಂದು ಮುಖ್ಯ ಸಂದರ್ಭ. ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಮೂರ್ತಿಗಳು ನೀರಿನಲ್ಲಿ ಬೇಗ ಕರಗುವುದಿಲ್ಲ. ಬಣ್ಣ ಮತ್ತು ಕಬ್ಬಿಣದ ಸರಳುಗಳು ಕೆರೆಯಲ್ಲಿಯೇ ಉಳಿಯುತ್ತವೆ. ಶಾಲೆಯಲ್ಲಿ ಕೆರೆಯ ಜೇಡಿಮಣ್ಣಿನಿಂದ ಬಣ್ಣವಿಲ್ಲದ ಗಣೇಶನನ್ನು ಮಾಡಿಸಿ, ಬಕೆಟ್ಟಿನಲ್ಲಿ ವಿಸರ್ಜಿಸಿ, ಕರಗುವ ಸಮಯವನ್ನು ಗಡಿಯಾರ ನೋಡಿ ಬರೆಯಿಸುವುದು ಮಕ್ಕಳಿಗೆ ಬಹಳ ಇಷ್ಟವಾಗುವ ಚಟುವಟಿಕೆ.

ಸುರಕ್ಷತೆ

ವಿದ್ಯಾರ್ಥಿಗಳು ಯಾವುದೇ ಸಂದರ್ಭದಲ್ಲಿ ನೀರಿಗೆ ಇಳಿಯತಕ್ಕದ್ದಲ್ಲ. ಮಣ್ಣು ತೆಗೆದ ಕೆರೆಗಳಲ್ಲಿ ದಡದಿಂದ ಎರಡು ಹೆಜ್ಜೆಗೇ ಆಳವಾದ ಗುಂಡಿಗಳಿರುತ್ತವೆ. ಜಲಕಳೆ ಹರಡಿದ ಕಡೆ ನೀರು ಎಲ್ಲಿ, ನೆಲ ಎಲ್ಲಿ ಎಂಬುದೇ ತಿಳಿಯುವುದಿಲ್ಲ. ನೀರಿನ ಮಾದರಿಯನ್ನು ಶಿಕ್ಷಕರೇ ಕೈಗವಸು ಧರಿಸಿ, ಹಗ್ಗ ಕಟ್ಟಿದ ಡಬ್ಬಿಯಿಂದ ತೆಗೆಯಬೇಕು. ಸೂಜಿ, ಸಿರಿಂಜು, ಔಷಧಿ ಬಾಟಲಿ, ರಾಸಾಯನಿಕದ ಡ್ರಮ್ಮುಗಳನ್ನು ಮುಟ್ಟದೆ, ಸ್ಥಳವನ್ನು ಗುರುತಿಸಿ ತಿಳಿಸಬೇಕು. ಪೋಷಕರ ಒಪ್ಪಿಗೆ ಪತ್ರ, ಮುಚ್ಚಿದ ಪಾದರಕ್ಷೆ ಮತ್ತು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಕಡ್ಡಾಯ. ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡುವುದು.

ಕರಾವಳಿ ಶಾಲೆಗಳಿಂದ ತಿಳಿಯಬೇಕಾದದ್ದು

ಕರ್ನಾಟಕದ ಕರಾವಳಿಯು ಉತ್ತರ ಕನ್ನಡ, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಹರಡಿಕೊಂಡಿದೆ. ಕಾರವಾರದಿಂದ ಹೊನ್ನಾವರದವರೆಗಿನ ಹಾಗೂ ಕುಂದಾಪುರ ಭಾಗದ ಮರಳು ತೀರಗಳಿಗೆ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಮೊಟ್ಟೆಯೊಡೆಯಲು ಸುಮಾರು 45ರಿಂದ 60 ದಿನಗಳು ಬೇಕಾಗುತ್ತವೆ. ಗೂಡು ಕಂಡ ಮೀನುಗಾರರು ಅರಣ್ಯ ಇಲಾಖೆಗೆ ತಿಳಿಸಿದರೆ ಅದಕ್ಕೆ ಬೇಲಿ ಹಾಕಿ ಕಾಯಲಾಗುತ್ತದೆ. ಮರಿಗಳು ಕಡಲಿಗೆ ಹೋಗುವ ದಿನ ಸಮೀಪದ ಶಾಲೆಯ ಮಕ್ಕಳು ದೂರ ನಿಂತು ನೋಡುತ್ತಾರೆ. ಮುಟ್ಟದೆ ನೋಡುವುದು, ಹೆಜ್ಜೆ ಗುರುತನ್ನು ಅಳಿಸದಿರುವುದು, ಕಂಡ ಕೂಡಲೇ ಸಂಬಂಧಪಟ್ಟವರಿಗೆ ತಿಳಿಸುವುದು ಅಲ್ಲಿನ ಮಕ್ಕಳು ಕಲಿಯುವ ಪಾಠ. ಅತ್ತಿಬೆಲೆಯ ಮಕ್ಕಳು ಏರಿಯ ಮೇಲೆ ಗುಳುಮುಳುಕನ ತೇಲುವ ಗೂಡನ್ನು ಕಂಡಾಗಲೂ ಪಾಲಿಸಬೇಕಾದದ್ದು ಇದನ್ನೇ.

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಮೀನು, ಸಿಗಡಿಗಳು ಬೆಳೆಯುತ್ತವೆ; ಇಳಿತದ ವೇಳೆ ಜನರು ಬಳಚು ಆರಿಸಿ ಜೀವನ ಸಾಗಿಸುತ್ತಾರೆ. 2024ರಲ್ಲಿ ಈ ಅಳಿವೆಯನ್ನು ರಾಮ್ಸಾರ್ ಪಟ್ಟಿಗೆ ಸೇರಿಸಲಾಯಿತು. ಅದೇ ಸಂದರ್ಭದಲ್ಲಿ ಪಟ್ಟಿಗೆ ಸೇರಿದ ರಾಜ್ಯದ ಇನ್ನೆರಡು ತಾಣಗಳೆಂದರೆ ಗದಗ ಜಿಲ್ಲೆಯ ಮಾಗಡಿ ಕೆರೆ ಹಾಗೂ ವಿಜಯನಗರ ಜಿಲ್ಲೆಯ ಅಂಕಸಮುದ್ರ. (ಈ ಮಾಗಡಿಯು ಬೆಂಗಳೂರಿನ ಸಮೀಪದ ಮಾಗಡಿ ಪಟ್ಟಣವಲ್ಲ.) ಇವೆರಡೂ ನೀರಾವರಿಗಾಗಿ ಮನುಷ್ಯರೇ ಕಟ್ಟಿದ ಕೆರೆಗಳು. ಚಳಿಗಾಲದಲ್ಲಿ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. ಊರಿನ ಕೆರೆಯು ಕಡಲ ಅಳಿವೆಯ ಸಾಲಿನಲ್ಲಿಯೇ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸ್ಥಾನ ಪಡೆಯಬಹುದೆಂಬುದು ಇದರಿಂದ ಮಕ್ಕಳಿಗೆ ಮನವರಿಕೆಯಾಗುತ್ತದೆ. ತಾಲ್ಲೂಕಿನೊಳಗೇ ಅಧ್ಯಯನ ಪ್ರವಾಸ ಕೈಗೊಳ್ಳಬಯಸುವವರು, ತೇಲುವ ದ್ವೀಪಗಳಲ್ಲಿ ಜೌಗು ಸಸ್ಯಗಳನ್ನು ಬೆಳೆಸಿ ನೀರನ್ನು ಶುದ್ಧೀಕರಿಸಲು ಪ್ರಯತ್ನಿಸಲಾದ ಹೆಬ್ಬಗೋಡಿ ಕೆರೆಯನ್ನು ಪರಿಗಣಿಸಬಹುದು.

ಅನ್ವಯವಾಗುವ ಕಾನೂನುಗಳು

ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಉಬ್ಬರವಿಳಿತದ ಪ್ರಭಾವವಿರುವ ಪ್ರದೇಶಕ್ಕೆ ಸೀಮಿತವಾಗಿದ್ದು, ಅತ್ತಿಬೆಲೆಗೆ ಅನ್ವಯಿಸುವುದಿಲ್ಲ. 2017ರ ಜೌಗು ಪ್ರದೇಶಗಳ ನಿಯಮಗಳ ವ್ಯಾಖ್ಯೆಯಿಂದಲೂ, ಕುಡಿಯುವ ನೀರಿಗಾಗಿ ಅಥವಾ ನೀರಾವರಿಗಾಗಿಯೇ ನಿರ್ಮಿಸಿದ ಕೆರೆಗಳನ್ನು ಹೊರಗಿಡಲಾಗಿರುತ್ತದೆ. ಆದುದರಿಂದ ಅರ್ಜಿಯಲ್ಲಿ ಸದರಿ ಎರಡನ್ನು ಉಲ್ಲೇಖಿಸಿದರೆ ಅರ್ಜಿಯು ಹಿಂದಿರುಗುವ ಸಂಭವವಿದೆ. ಇಲ್ಲಿನ ಕೆರೆಗಳಿಗೆ ಮುಖ್ಯವಾಗಿ ಅನ್ವಯವಾಗುವುದು 2014ರ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮ. ಕೆರೆಯ ಜಮೀನಿನ ಒತ್ತುವರಿ, ಕಟ್ಟಡದ ಅವಶೇಷ ಅಥವಾ ಘನತ್ಯಾಜ್ಯ ಸುರಿಯುವುದು, ಸಂಸ್ಕರಿಸದ ಕೊಳಚೆ ನೀರು ಬಿಡುವುದು, ಏರಿಗೆ ಹಾನಿ ಮಾಡುವುದು ಇವು ಅದರಡಿ ನಿಷಿದ್ಧ. ಕೊಳಚೆ ಮತ್ತು ಕೈಗಾರಿಕಾ ತ್ಯಾಜ್ಯಕ್ಕೆ 1974ರ ಜಲ ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಅಧಿನಿಯಮವೂ ಅನ್ವಯಿಸುತ್ತದೆ. ಸಂವಿಧಾನದ 51ಎ (ಜಿ) ಅನುಚ್ಛೇದದಲ್ಲಿ ಅರಣ್ಯ, ನದಿ ಹಾಗೂ ವನ್ಯಜೀವಿಗಳೊಡನೆ ಸರೋವರಗಳ ರಕ್ಷಣೆಯನ್ನೂ ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು ಹೆಸರಿಸಲಾಗಿದೆ.

ಈ ಭಾಗದ ಕೆರೆಗಳ ಸ್ಥಿತಿಯು ಎಷ್ಟು ಗಂಭೀರವೆಂದು ಪರಿಗಣಿಸಲ್ಪಟ್ಟಿದೆ ಎಂಬುದಕ್ಕೆ ಒಂದು ನಿದರ್ಶನ: 2022ರ ಅಕ್ಟೋಬರ್ ತಿಂಗಳಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಚಂದಾಪುರ ಕೆರೆಗೆ ಆಗಿರುವ ಹಾನಿಗೆ ಸಂಬಂಧಿಸಿದಂತೆ ರಾಜ್ಯವು 500 ಕೋಟಿ ರೂಪಾಯಿಗಳ ಪರಿಸರ ಪರಿಹಾರ ಭರಿಸುವಂತೆ ಆದೇಶಿಸಿತು.

ಪರಿಸರ ಕ್ಲಬ್ ಸ್ಥಾಪನೆ ಮತ್ತು ಅನುದಾನ

ಎಲ್ಲಾ ಹಂತಗಳ ಶಿಕ್ಷಣದಲ್ಲಿ ಪರಿಸರವನ್ನು ಕಡ್ಡಾಯ ವಿಷಯವಾಗಿ ಬೋಧಿಸುವಂತೆ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ನಿರ್ದೇಶಿಸಿ, 2003ರಲ್ಲಿ ಅದನ್ನು ಪುನರುಚ್ಚರಿಸಿರುತ್ತದೆ. ಕೇಂದ್ರ ಪರಿಸರ ಸಚಿವಾಲಯವು 2001-02ರಲ್ಲಿ ಆರಂಭಿಸಿದ ರಾಷ್ಟ್ರೀಯ ಹಸಿರು ಪಡೆ ಕಾರ್ಯಕ್ರಮದಡಿ ಶಾಲೆಗಳಲ್ಲಿ ಪರಿಸರ ಕ್ಲಬ್‌ಗಳು ಸ್ಥಾಪನೆಯಾದವು. ಸಮಗ್ರ ಶಿಕ್ಷಣ ಯೋಜನೆಯಡಿ ಸರ್ಕಾರಿ ಶಾಲೆಗಳ ಯುವ ಹಾಗೂ ಪರಿಸರ ಕ್ಲಬ್‌ಗಳಿಗೆ ವಾರ್ಷಿಕವಾಗಿ ಕಿರಿಯ ಪ್ರಾಥಮಿಕ ಹಂತಕ್ಕೆ 5,000 ರೂ., ಹಿರಿಯ ಪ್ರಾಥಮಿಕ ಹಂತಕ್ಕೆ 15,000 ರೂ. ಹಾಗೂ ಪ್ರೌಢಶಾಲೆಗೆ 25,000 ರೂ.ಗಳವರೆಗೆ ನೀಡಲು ಮಾರ್ಗಸೂಚಿಯಲ್ಲಿ ಅವಕಾಶ ಕಲ್ಪಿಸಲಾಗಿದ್ದು, ಬಿಡುಗಡೆಯು ಆಯಾ ವರ್ಷದ ಅನುಮೋದನೆಗೆ ಒಳಪಟ್ಟಿರುತ್ತದೆ. ಮುಖ್ಯ ಶಿಕ್ಷಕರು ಒಬ್ಬ ಶಿಕ್ಷಕರನ್ನು ಉಸ್ತುವಾರಿಗೆ ನೇಮಿಸಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ವರ್ಷದ ಚಟುವಟಿಕೆಗಳಿಗೆ ಒಪ್ಪಿಗೆ ಪಡೆದು, ನಡವಳಿಯ ಪ್ರತಿಯೊಂದಿಗೆ ಆನೇಕಲ್ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸುವುದು. ಮಳೆಮಾಪಕ, ಕೈಗವಸು, ದಾಖಲೆ ಪುಸ್ತಕಗಳಿಗೆ ತಗಲುವ ವೆಚ್ಚವು ಹೆಚ್ಚಿನದಲ್ಲ. ಅನುದಾನ ಬರುವವರೆಗೆ ಕಾಯದೆ ಆರಂಭಿಸಬಹುದು.

ಅನುಮತಿ, ಗಡಿಯ ಮಾಹಿತಿ ಮತ್ತು ದೂರು

ಕೆರೆಯು ಯಾರ ಸುಪರ್ದಿನಲ್ಲಿದೆ ಎಂಬುದನ್ನು ಮೊದಲು ತಿಳಿಯಬೇಕು. 40 ಹೆಕ್ಟೇರಿನವರೆಗೆ ಅಚ್ಚುಕಟ್ಟು ಇರುವ ಕೆರೆಗಳು ಸಾಮಾನ್ಯವಾಗಿ ಪಂಚಾಯತ್ ರಾಜ್ ಸಂಸ್ಥೆಗಳಿಗೂ, 40ರಿಂದ 2,000 ಹೆಕ್ಟೇರಿನವರೆಗಿನವು ಸಣ್ಣ ನೀರಾವರಿ ಇಲಾಖೆಗೂ ಸೇರಿರುತ್ತವೆ. ಪಟ್ಟಣದ ಮಿತಿಯೊಳಗಿನ ಕೆರೆಯ ಬಗ್ಗೆ ಅತ್ತಿಬೆಲೆ ಪುರಸಭೆಯಲ್ಲಿ ವಿಚಾರಿಸುವುದು. ಮೀನು ಪಾಶುವಾರು ನೀಡಲಾದ ಕೆರೆಯಾದಲ್ಲಿ ಗುತ್ತಿಗೆದಾರರಿಗೂ ಭೇಟಿಯ ದಿನಾಂಕವನ್ನು ತಿಳಿಸುವುದು ಸೂಕ್ತ.

ಕೆರೆಯ ಸರ್ವೆ ನಂಬರನ್ನು ಗ್ರಾಮ ನಕಾಶೆಯಲ್ಲಿಯೂ, ದಿಶಾಂಕ್ ಮೊಬೈಲ್ ಆ್ಯಪ್‌ನಲ್ಲಿಯೂ ಉಚಿತವಾಗಿ ನೋಡಬಹುದು. ವಿದ್ಯಾರ್ಥಿಗಳು ಏರಿಯ ಮೇಲೆ ನಿಂತು, ಹಳೆಯ ನಕಾಶೆಯ ಕೆರೆಗೂ ಕಣ್ಣೆದುರಿನ ಕೆರೆಗೂ ಇರುವ ವ್ಯತ್ಯಾಸವನ್ನು ಗುರುತಿಸುವುದು ಒಳ್ಳೆಯ ಭೂಗೋಳ ಪಾಠ. ಆದರೆ ಒತ್ತುವರಿ ಆಗಿದೆಯೆಂದು ನಿರ್ಣಯಿಸುವ ಅಧಿಕಾರ ಭೂಮಾಪಕರ ಅಳತೆಯ ನಂತರ ಕಂದಾಯ ಅಧಿಕಾರಿಗಳಿಗೆ ಮಾತ್ರ ಇರುತ್ತದೆ.

ತ್ಯಾಜ್ಯ ನೀರಿನ ಬಗ್ಗೆ ದೂರನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಆನೇಕಲ್ ವ್ಯಾಪ್ತಿಯ ಪ್ರಾದೇಶಿಕ ಕಚೇರಿಗೂ, ಘನತ್ಯಾಜ್ಯದ ಬಗ್ಗೆ ಪುರಸಭೆ ಅಥವಾ ಗ್ರಾಮ ಪಂಚಾಯಿತಿಗೂ ಸಲ್ಲಿಸತಕ್ಕದ್ದು. ಯಾವ ಇಲಾಖೆಗೆ ಸೇರಿದ್ದೆಂದು ತಿಳಿಯದಿದ್ದಲ್ಲಿ ಜನಸ್ಪಂದನ ಸಹಾಯವಾಣಿ 1902ಕ್ಕೆ ಕರೆ ಮಾಡಿ ನೋಂದಣಿ ಸಂಖ್ಯೆ ಪಡೆಯಬಹುದು. ದೂರಿನೊಂದಿಗೆ ದಾಖಲೆ ಪುಸ್ತಕದ ಸಂಬಂಧಿತ ಪುಟಗಳ ಪ್ರತಿ, ದಿನಾಂಕವಿರುವ ಛಾಯಾಚಿತ್ರ ಹಾಗೂ ಸ್ಥಳದ ಕೈನಕ್ಷೆಯನ್ನು ಲಗತ್ತಿಸಬೇಕು. ಶಾಲೆಯು ತೆಗೆದ ನೀರಿನ ಮಾದರಿಗೆ ನ್ಯಾಯಾಲಯದಲ್ಲಿ ಪುರಾವೆಯ ಬೆಲೆ ಇರುವುದಿಲ್ಲ. ಜಲ ಅಧಿನಿಯಮದ 21ನೇ ಪ್ರಕರಣದ ವಿಧಾನದಂತೆ ಮಂಡಳಿಯ ಅಧಿಕಾರಿಗಳು ಪಡೆದ ಮಾದರಿಗೆ ಮಾತ್ರ ಇರುತ್ತದೆ. ಅಧಿಕಾರಿಗಳು ಯಾವ ದಿನ, ಯಾವ ವೇಳೆ, ಎಲ್ಲಿ ಮಾದರಿ ತೆಗೆದರೆ ಫಲವಿದೆ ಎಂಬುದನ್ನು ತಿಳಿಸುವುದರಲ್ಲಿ ಶಾಲೆಯ ದಾಖಲೆಯ ಬೆಲೆಯಿದೆ. ರಾತ್ರಿ ವೇಳೆ ಅಥವಾ ಭಾನುವಾರಗಳಂದು ಮಾತ್ರ ಬಣ್ಣ ಬದಲಾಗುವ ಕಾಲುವೆಯನ್ನು ಕಚೇರಿ ವೇಳೆಯ ತಪಾಸಣೆಯಲ್ಲಿ ಕಂಡುಹಿಡಿಯಲಾಗದು. ಆರು ತಿಂಗಳ ದಾಖಲೆಯಿದ್ದರೆ ಅದು ಸಾಧ್ಯ.

ದೂರಿಗೆ ಮುಖ್ಯ ಶಿಕ್ಷಕರು ಅಥವಾ ಸಮಿತಿಯ ಅಧ್ಯಕ್ಷರು ಸಹಿ ಮಾಡತಕ್ಕದ್ದು. ವಿದ್ಯಾರ್ಥಿಗಳ ಹೆಸರು, ಸಹಿ, ಭಾವಚಿತ್ರವನ್ನು ಯಾವ ಕಾರಣಕ್ಕೂ ಸೇರಿಸಬಾರದು. ಅತ್ತಿಬೆಲೆ, ಬೊಮ್ಮಸಂದ್ರ, ಜಿಗಣಿ ಭಾಗದ ಶಾಲೆಗಳ ಅನೇಕ ಮಕ್ಕಳ ಪೋಷಕರು ಸುತ್ತಲಿನ ಕಾರ್ಖಾನೆಗಳಲ್ಲಿಯೇ ದುಡಿಯುವವರು. ಕೆಲವರು ಬಾಡಿಗೆಗಿರುವ ವಠಾರದ ಬಚ್ಚಲ ನೀರೇ ಕಾಲುವೆಗೆ ಹೋಗುತ್ತಿರಬಹುದು. ಮಗು ಬರೆದ ಒಂದು ಸಾಲಿನಿಂದ ಮನೆಯವರ ಕೆಲಸಕ್ಕೆ ಕುತ್ತು ಬರುವಂತಾಗಬಾರದು. ಈ ಕಾರಣದಿಂದಲೇ ದಾಖಲೆಯಲ್ಲಿ ಇಂತಹ ಕಾರ್ಖಾನೆ ಅಥವಾ ಇಂತಹ ಮನೆ ಎಂದು ಬರೆಯದೆ, ಕಂಡ ಸ್ಥಳ, ವೇಳೆ, ನೀರಿನ ಸ್ಥಿತಿಯನ್ನಷ್ಟೇ ಬರೆಯುವುದು ಕ್ಷೇಮಕರ. ಮೂಲವನ್ನು ಪತ್ತೆಹಚ್ಚುವುದು ಇಲಾಖೆಯ ಕೆಲಸ.

ದೂರಿನ ಮೇಲೆ ಕೈಗೊಂಡ ಕ್ರಮವು ತಿಳಿಯದಿದ್ದಲ್ಲಿ ಪೋಷಕರು ಅಥವಾ ಯಾವುದೇ ನಾಗರಿಕರು 2005ರ ಮಾಹಿತಿ ಹಕ್ಕು ಅಧಿನಿಯಮದಡಿ ಸಂಬಂಧಪಟ್ಟ ಸಾರ್ವಜನಿಕ ಮಾಹಿತಿ ಅಧಿಕಾರಿಗೆ 10 ರೂ. ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ‘ಕೆರೆಯ ಬಗ್ಗೆ ಸಂಪೂರ್ಣ ಮಾಹಿತಿ ನೀಡಿ’ ಎಂದು ಕೇಳುವ ಬದಲು, ದೂರಿನ ನೋಂದಣಿ ಸಂಖ್ಯೆಯನ್ನು ನಮೂದಿಸಿ, ಸ್ಥಳ ಪರಿಶೀಲನಾ ವರದಿ ಹಾಗೂ ನೀರಿನ ವಿಶ್ಲೇಷಣಾ ವರದಿಯ ಪ್ರತಿಯನ್ನು ಕೋರುವುದು ಸೂಕ್ತ. ಉತ್ತರಕ್ಕೆ 30 ದಿನಗಳ ಕಾಲಾವಕಾಶವಿದ್ದು, ಉತ್ತರ ಬಾರದಿದ್ದಲ್ಲಿ ಅಥವಾ ಸಮಾಧಾನಕರವಾಗಿಲ್ಲದಿದ್ದಲ್ಲಿ ನಂತರದ 30 ದಿನಗಳೊಳಗೆ ಅದೇ ಕಚೇರಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಮೊದಲ ಮೇಲ್ಮನವಿಯನ್ನೂ, ಅದರ ಆದೇಶದ ನಂತರ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿಯನ್ನೂ ಸಲ್ಲಿಸಬಹುದಾಗಿರುತ್ತದೆ. ಬಂದ ವರದಿಯ ಒಂದು ಪ್ರತಿಯನ್ನು ಶಾಲೆಯ ದಾಖಲೆ ಪುಸ್ತಕದಲ್ಲಿ, ದೂರು ಬರೆದ ದಿನಾಂಕದ ಪುಟದ ಎದುರಿಗೆ ಅಂಟಿಸಿಡುವುದು.